ವಾಯಿದೆ ಮುಗಿದ ಗೋರಿ

ಪುತ್ತೂರು

ಜರ್ಮನಿಗೆ ಹೋಗಿ ಬಂದವನು ಹಿಮದ ವಿಷಯ ಹೇಳಬೇಕು, ನಿಮಿಷ ತಪ್ಪದೆ ಬರುವ ರೈಲಿನ ವಿಷಯ ಹೇಳಬೇಕು. ಅದನ್ನೆಲ್ಲ ನನಗಿಂತ ಮೊದಲು ಹೋದವರು ಬರೆದಾಗಿದೆ. ನಾನು ಹೋದದ್ದು ಬೇಸಗೆಯಲ್ಲಾದ್ದರಿಂದ ಹಿಮ ಕಾಣಲೂ ಇಲ್ಲ. ನನಗೆ ಹೇಳಲಿಕ್ಕಿರುವುದು ಒಂದು ಗೋರಿಯ ವಿಷಯ. ಊರಿಗೆ ಮರಳಿ ಇಷ್ಟು ತಿಂಗಳಾದರೂ ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ಅನ್ನ ಇಳಿಯದಿರಲಿಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೋಡ ಕವಿದರೆ ಮನೆಯ ಮಾಡು ಸೋರುತ್ತದೆಂದೂ, ಕವಿಯದಿದ್ದರೆ ಬಾವಿ ಬತ್ತುತ್ತದೆಂದೂ ಹೆದರುವವ ನಾನು. ಆದರೆ ಇದು ಹೆದರಿಕೆಯಲ್ಲ, ಸಿಟ್ಟು. ಎರಡರ ವ್ಯತ್ಯಾಸ ಈ ವಯಸ್ಸಿನಲ್ಲಾದರೂ ನನಗೆ ಗೊತ್ತಾಗುತ್ತದೆ.

ನಾನು ಕಡಬದಲ್ಲಿ ಶಾಲಾ ಮಾಸ್ತರ. ಗೋವಾ ನಮ್ಮದಾದ ಮರುವರ್ಷ ಜರ್ಮನಿಯ ಒಂದು ಕ್ರೈಸ್ತ ಸಭೆಯವರು ನಮ್ಮ ಕಡೆಯ ಕೆಲವು ಮಾಸ್ತರರನ್ನು ತಮ್ಮ ಶಾಲೆಗಳನ್ನು ನೋಡಲಿಕ್ಕೆ ಕರೆಸಿದರು. ನನ್ನನ್ನು ಯಾಕೆ ಆರಿಸಿದರೋ ತಿಳಿಯದು. ಉಳಿದವರಿಗೆ ಬೇರೆ ಕೆಲಸ ಇದ್ದಿರಬೇಕು.

ಹೊರಡುವ ಮೊದಲು ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ, ಬಸ್ಸು ಹಿಡಿದು, ಪುತ್ತೂರಿನಲ್ಲಿರುವ ಸಲೋಮಿ ದೊಡ್ಡಮ್ಮನಿಗೆ ಹೇಳಿ ಬರಲಿಕ್ಕೆ ಹೋದೆ. ಅವರು ನನ್ನ ತಾಯಿಯ ಅಕ್ಕ. ಮೊದಲ ಮಹಾಯುದ್ಧಕ್ಕೆ ಮುಂಚೆ, ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ, ಪುತ್ತೂರಿನಲ್ಲಿದ್ದ ಬೆನ್ನಿಂಗರ್ ಎಂಬ ಜರ್ಮನ್ ಪಾದ್ರಿಯ ಮನೆಯಲ್ಲಿ ಮಕ್ಕಳನ್ನು ಆಡಿಸಲಿಕ್ಕೆ ಇದ್ದವರು. ಆ ಪಾದ್ರಿ ಅಯ್ಯನ ಮಗು ಥಿಯೋ, ನಡೆಯಲಿಕ್ಕೆ ಕಲಿತ ವರ್ಷವೇ ಜ್ವರ ಬಂದು ದೊಡ್ಡಮ್ಮನ ಸೊಂಟದ ಮೇಲೆಯೇ ತೀರಿಹೋಯಿತು. ಊರ ಹೊರಗಿನ ನಮ್ಮ ಕ್ರೈಸ್ತರ ಸ್ಮಶಾನದ ಗುಡ್ಡೆಯಲ್ಲಿ ಹೂಳಿದರು. ಆಮೇಲೆ ಯುದ್ಧ ಬಂತು, ಬ್ರಿಟಿಷರು ಜರ್ಮನರನ್ನೆಲ್ಲ ಹೊರಡಿಸಿದರು. ಹೋಗುವಾಗ ಪಾದ್ರಿಯ ಹೆಂಡತಿ ಈ ಹುಡುಗಿಯ ಕೈ ಹಿಡಿದು, "ಥಿಯೋನನ್ನು ನೋಡಿಕೋ" ಎಂದರಂತೆ.

ದೊಡ್ಡಮ್ಮ ಅಂದಿನಿಂದ ನೋಡಿಕೊಳ್ಳುತ್ತಲೇ ಇದ್ದಾರೆ. ಪುನರುತ್ಥಾನದ ಹಬ್ಬದ ಹಿಂದಿನ ದಿನ ನಮ್ಮವರೆಲ್ಲ ಗುಡ್ಡೆಗೆ ಹೋಗಿ ತಂತಮ್ಮವರ ಗೋರಿಗೆ ಸುಣ್ಣ ಬಳಿಯುತ್ತಾರೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಲ್ಲೇ ಆರಾಧನೆ. ಸತ್ತವರೆಲ್ಲ ಮೂಡಣಕ್ಕೆ ಕಾಲು ಮಾಡಿ ಮಲಗಿದ್ದಾರೆ, ಕಡೆಯ ದಿನ ದೇವರು ಎಬ್ಬಿಸಿದಾಗ ಎದ್ದು ಕೂತರೆ ಸೂರ್ಯ ಎದುರಿಗೇ. ಹಾಗೆ ಮಲಗಿಸುವ ಕ್ರಮ ಹಾಕಿಕೊಟ್ಟದ್ದೂ ಈ ಬೆನ್ನಿಂಗರ್ ಅಯ್ಯನೇ. ಥಿಯೋನ ಗೋರಿಗೆ ಸುಣ್ಣ ಬಳಿಯುವವರು ದೊಡ್ಡಮ್ಮ. ಬೇರೆಯವರು ಬ್ರಶ್ಶು ಮುಟ್ಟಿದರೆ ಅವರಿಗೆ ಆಗುವುದಿಲ್ಲ.

ಅಂದು ಅವರು ಒಂದು ತಗಡಿನ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

"ಎಂತ ದೊಡ್ಡಮ್ಮ ಇದು?"

"ಮಣ್ಣು. ಥಿಯೋನ ತಲೆಯ ಹತ್ತಿರದ್ದು. ಅವನ ಅಪ್ಪ ಅಮ್ಮನ ಗೋರಿಗೆ ಹಾಕಿ ಬಾ. ಅಮ್ಮನ ಬದಿಗೆ ಸ್ವಲ್ಪ ಜಾಸ್ತಿ ಹಾಕು."

"ಕಸ್ಟಮ್ಸಿನವರು ಹಿಡಿದರೆ?"

"ಮಣ್ಣನ್ನು ಯಾರು ಹಿಡಿಯುದು ಮಾರಾಯ. ನಿನ್ನ ಮುಖ ನೋಡಿ ಹಿಡಿದಾರು. ಕಳ್ಳನ ಹಾಗೆ ಮಾಡಬೇಡ, ಅಷ್ಟೇ."

ಗೋಡೆಯಿಂದ ಒಂದು ಫೋಟೊವನ್ನೂ ಇಳಿಸಿ ಕೊಟ್ಟರು. ಅದರಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಪಾದ್ರಿ ಅಯ್ಯನ ಹೆಸರು, ಕೆಳಗೆ ಹೆಂಡತಿಯ ಹೆಸರು, ಪಕ್ಕದಲ್ಲಿ ಒಂದು ಗಿಡ. ಎರಡನೆಯ ಯುದ್ಧಕ್ಕೆ ಮೊದಲು ಅವರ ಮಗಳು ಕಳಿಸಿದ್ದಂತೆ. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಹಡಗು

ಮುಂಬಯಿಯಲ್ಲಿ ಹತ್ತಿದ ಹಡಗು ಇಟಲಿಯವರದು. ಮುಳುಗುವುದೆಂಬ ಭಯವನ್ನು ಏಡನ್ ತಲುಪುವಷ್ಟರಲ್ಲಿ ಮುಗಿಸಿದೆ. ಅಲ್ಲಿಂದ ಮುಂದೆ ಡಬ್ಬಿಯ ಭಯ. ಶಾಖಕ್ಕೆ ಮಣ್ಣು ಹುಡಿಯಾಗುತ್ತದೋ, ಹಡಗಿನ ತೇವಕ್ಕೆ ಮುದ್ದೆಯಾಗುತ್ತದೋ ಎಂದು ದಿನಾ ತೆರೆದು ನೋಡುತ್ತಿದ್ದೆ. ನನ್ನ ಕೋಣೆಯವನು, ಒಬ್ಬ ಹತ್ತಿ ವ್ಯಾಪಾರಿ, ನಾನು ಅದನ್ನು ತಿನ್ನುತ್ತೇನೆಂದು ತಿಳಿದುಕೊಂಡಿದ್ದನೆಂದು ಕಾಣುತ್ತದೆ. ಕೊನೆಕೊನೆಗೆ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಕೆಂಪು ಸಮುದ್ರದಲ್ಲಿ ಒಬ್ಬ ಮುದುಕ ಪ್ರಯಾಣಿಕ ತೀರಿಹೋದ. ಹೆಣವನ್ನು ಕ್ಯಾನ್ವಾಸಿನಲ್ಲಿ ಹೊಲಿದು, ಹಲಗೆಯ ಮೇಲಿಟ್ಟು, ಕಪ್ತಾನ ಏನೋ ಓದಿ, ಹಲಗೆ ಎತ್ತಿದರು. ನೀರು ಸದ್ದು ಮಾಡಿತು, ಯಂತ್ರ ಮತ್ತೆ ಓಡಿತು, ಊಟದ ಗಂಟೆ ಹೊಡೆಯಿತು. ಸಮುದ್ರವೂ ತನ್ನೊಳಗಿನ ಸತ್ತವರನ್ನು ಒಂದು ದಿನ ಒಪ್ಪಿಸಬೇಕೆಂದು ನಾವು ನಂಬುವವರೇ. ಆದರೂ ಆ ಜಾಗವನ್ನು ತೋರಿಸಲಿಕ್ಕೆ ಒಂದು ಕಡ್ಡಿಯನ್ನಾದರೂ ನೆಡಲಿಕ್ಕಾಗುವುದಿಲ್ಲವಲ್ಲ ಎಂದು ನನಗೆ ಸಂಕಟವಾಯಿತು. ನಮ್ಮ ಬೆನ್ನಿಂಗರ್ ಅಯ್ಯನಿಗಾದರೋ ಕಲ್ಲು ಉಂಟು, ಗಿಡ ಉಂಟು ಎಂದು ಸಮಾಧಾನ ಮಾಡಿಕೊಂಡೆ. ಫೋಟೊ ನನ್ನ ಕೋಟಿನ ಒಳಜೇಬಿನಲ್ಲಿತ್ತು.

ಜಿನೋವಾ ಬಂದರು

ದೊಡ್ಡಮ್ಮ ಹೇಳಿದ ಹಾಗೆಯೇ ಆಯಿತು. ನನ್ನ ಮುಖ ನೋಡಿ ಹಿಡಿದರು. ಕಸ್ಟಮ್ಸಿನ ಮೀಸೆಯವನು ಡಬ್ಬಿ ತೆರೆದು ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಇಷ್ಟು ಕೆಂಪು ಮಣ್ಣನ್ನು ಅವರು ಕಂಡಿರಲಾರರು. ನನ್ನ ಇಂಗ್ಲಿಷು ಅವರಿಗೆ ಬಾರದು, ಅವರ ಇಟಾಲಿಯನ್ನು ನನಗೆ ಬಾರದು. ಕೊನೆಗೆ ನಾನು, ಇಪ್ಪತ್ತು ವರ್ಷ ಮಕ್ಕಳ ಮುಂದೆ ನಗದೆ ನಿಂತ ಮಾಸ್ತರ, ಜನ ತುಂಬಿದ ಆ ಕೋಣೆಯಲ್ಲಿ ಇಲ್ಲದ ಮಗುವೊಂದನ್ನು ತೋಳಿನಲ್ಲಿ ತೂಗಿ, ಕಣ್ಣು ಮುಚ್ಚಿ, ಕತ್ತು ವಾಲಿಸಿ, ನೆಲವನ್ನು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಮೀಸೆಯವನು ನಗಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಡಬ್ಬಿಯ ಮುಚ್ಚಳವನ್ನು ತಾನೇ ಒತ್ತಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಆ ಇಡೀ ಪ್ರಯಾಣದಲ್ಲಿ ನನಗೆ ಸಿಟ್ಟು ಬರದ ಸರಕಾರಿ ನೌಕರ ಅವನೊಬ್ಬನೇ.

ಜರ್ಮನಿ, ಬೆನ್ನಿಂಗರ್ ಅಯ್ಯನ ಊರು

ಶಾಲೆಗಳನ್ನು ನೋಡಿದೆ. ಚೆನ್ನಾಗಿವೆ. ಸಂಜೆಗಳಲ್ಲಿ ಸಭೆಯ ಹೆಂಗಸರಿಗೆ ನನ್ನನ್ನು ತೋರಿಸುತ್ತಿದ್ದರು. ನಿಮ್ಮಲ್ಲಿ ಹುಲಿ ಶಾಲೆಗೆ ಬರುತ್ತದೆಯೆ ಎಂದು ಕೇಳುವವರು. ಶಾಲೆಗೆ ಬರುವುದು ಇನ್‌ಸ್ಪೆಕ್ಟರು ಎಂದರೆ ನಗುವುದಿಲ್ಲ, ಗಂಭೀರವಾಗಿ ತಲೆಯಾಡಿಸುತ್ತಾರೆ. ನನ್ನ ಉಸ್ತುವಾರಿ ಡೀಟರ್ ಎಂಬ ಯುವ ಪಾದ್ರಿಯದು. ಒಳ್ಳೆಯ ಹುಡುಗ, ಚೆನ್ನಾಗಿ ಇಂಗ್ಲಿಷು ಬಲ್ಲವ. ಬೆನ್ನಿಂಗರ್ ಅಯ್ಯನ ಊರು ಹತ್ತಿರದಲ್ಲೇ ಎಂದು ತಿಳಿದು, ಒಂದು ದಿನ ತನ್ನ ಪುಟ್ಟ ಕಾರಿನಲ್ಲಿ ಕರೆದುಕೊಂಡು ಹೋದ.

ಅವರ ಸ್ಮಶಾನವೆಂದರೆ ತಲೆ ಬಾಚಿದ ಹಾಗೆ. ದಾರಿಗೆಲ್ಲ ಸಣ್ಣ ಜಲ್ಲಿ, ಅದನ್ನು ಕುಂಟೆಯಿಂದ ಎಳೆದು ಗೆರೆ ಮಾಡಿದ್ದಾರೆ. ಗೆರೆ ಕೆಡುತ್ತದೆಂದು ನಾನು ಅಂಚಿನಲ್ಲೇ ತುದಿಗಾಲಿನಲ್ಲಿ ನಡೆದೆ. ಗೋರಿ ಗೋರಿಗೂ ಹೂವಿನ ಪಾತಿ. ನೀರು ಹಾಕುವ ಡಬ್ಬಿಗಳನ್ನು ಕೊಕ್ಕೆಗೆ ಸಾಲಾಗಿ ತೂಗು ಹಾಕಿದ್ದಾರೆ. ನಮ್ಮ ಗುಡ್ಡೆಯಲ್ಲಿ ದನ ಮೇಯುತ್ತದೆ, ಮುಳ್ಳಿನ ಪೊದೆಯ ನಡುವೆ ಕಾಲಿಡಲಿಕ್ಕೆ ಜಾಗವಿಲ್ಲ. ನಾಚಿಕೆಯಾಯಿತು. ಸತ್ತವರನ್ನು ಪ್ರೀತಿಸುವುದನ್ನು ಇವರಿಂದ ಕಲಿಯಬೇಕು ಎಂದು ಡೀಟರನಿಗೆ ಹೇಳಿಯೂ ಬಿಟ್ಟೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹಸಿರು ಏಪ್ರನ್ ಕಟ್ಟಿದ ಕಾವಲುಗಾರ ಫೋಟೊ ನೋಡಿದ. ಕಲ್ಲನ್ನಲ್ಲ, ಪಕ್ಕದ ಗಿಡವನ್ನು ಗುರುತಿಸಿದ. ಗಿಡ ಈಗ ದೊಡ್ಡ ಮರ. ಅದರ ಬುಡಕ್ಕೆ ಕರೆದುಕೊಂಡು ಹೋದ. ಅಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲು, ಅದರ ಮೇಲೆ ಯಾರದೋ ಹೆಸರು. ಹಿಂದಿನ ವರ್ಷ ತೀರಿಹೋದ ಒಬ್ಬ ಬೇಕರಿಯವನದಂತೆ.

"ಇದಲ್ಲ" ಎಂದೆ.

ಕಾವಲುಗಾರ ಏನೋ ಹೇಳಿದ. ಡೀಟರ್ ತಿಳಿಸಿ ಹೇಳಿದ, "ಇದೇ ಜಾಗವಂತೆ. ಬೆನ್ನಿಂಗರ್ ಅವರ ವಾಯಿದೆ ಮುಗಿದಿದೆ."

"ಯಾವುದರ ವಾಯಿದೆ?"

"ಗೋರಿಯದು. ಇಪ್ಪತ್ತೈದು ವರ್ಷ. ಮನೆಯವರು ಮುಂದುವರಿಸದಿದ್ದರೆ ಜಾಗ ಬೇರೆಯವರಿಗೆ."

ಕಲ್ಲು ಎಲ್ಲಿ ಎಂದು ಕೇಳಿದೆ. ಆ ಪ್ರಶ್ನೆ ಕೇಳಬಾರದಿತ್ತು. ಹಳೆಯ ಕಲ್ಲುಗಳನ್ನು ಪುಡಿ ಮಾಡಿ ದಾರಿಗೆ ಹಾಕುತ್ತಾರೆಂದು ಕಾವಲುಗಾರ ಕುಂಟೆಯ ತುದಿಯಿಂದ ನನ್ನ ಬೂಟಿನ ಕೆಳಗೆ ತೋರಿಸಿದ. ನಾನು ಒಂದು ಕಾಲೆತ್ತಿದೆ. ಇನ್ನೊಂದನ್ನು ಎತ್ತಿ ಎಲ್ಲಿಡುವುದೆಂದು ಗೊತ್ತಾಗದೆ ಹಾಗೇ ಕೊಕ್ಕರೆಯ ಹಾಗೆ ನಿಂತುಕೊಂಡೆ.

ನನಗೆ ಹತ್ತಿದ ಸಿಟ್ಟಿಗೆ ಕಾರಣ ಹೇಳಬೇಕು. ಇಲ್ಲದಿದ್ದರೆ ಒಂದು ಕಲ್ಲಿಗಾಗಿ ಇಷ್ಟು ಹಾರಾಟವೇ ಎಂದು ಯಾರಾದರೂ ಕೇಳಿಯಾರು. ನನ್ನ ಅಜ್ಜಿ, ಎಂದರೆ ದೊಡ್ಡಮ್ಮನ ತಾಯಿ, ತೀರಿಕೊಂಡಾಗ ಮರ್ಕಂಜದಿಂದ ಅವರ ಅಣ್ಣಂದಿರು ಬಂದಿದ್ದರಂತೆ. ಕ್ರೈಸ್ತಳಾದ ತಂಗಿಯನ್ನು ಬದುಕಿದ್ದಾಗ ಮನೆಗೆ ಸೇರಿಸದವರು, ಸತ್ತ ಮೇಲೆ ಮನಸ್ಸು ತಡೆಯದೆ ಬಂದರು. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ನಮ್ಮ ಕಡೆಯಲ್ಲಿ ಉಂಟಲ್ಲ, ಅವಳಿಗೂ ಒಂದು ಎಲೆ ಹಾಕುತ್ತೇವೆ, ಹಸಿದುಕೊಂಡು ತಿರುಗುವುದು ಬೇಡ ಎಂದು ಕೈಮುಗಿದು ಕೇಳಿದರು. ಬೆನ್ನಿಂಗರ್ ಅಯ್ಯ ಒಪ್ಪಲಿಲ್ಲ. "ಅವಳು ಹಸಿದಿಲ್ಲ, ಎಲ್ಲಿಯೂ ತಿರುಗುವುದಿಲ್ಲ. ಇಲ್ಲಿ ಮಲಗಿದ್ದಾಳೆ, ಕಡೆಯ ತುತೂರಿ ಊದುವವರೆಗೆ ಇಲ್ಲೇ ಇರುತ್ತಾಳೆ" ಎಂದರು. ಅಣ್ಣಂದಿರು ಎಲೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರು. ಮತ್ತೆ ಬರಲಿಲ್ಲ.

ಹೀಗೆ ನಮ್ಮವರು ಎಲೆಯನ್ನೂ ಬಿಟ್ಟರು, ಅಣ್ಣಂದಿರನ್ನೂ ಬಿಟ್ಟರು. ಅದಕ್ಕೆ ಬದಲಾಗಿ ಸಿಕ್ಕಿದ್ದು ಆರಡಿ ಜಾಗ ಮತ್ತು ಒಂದು ಮಾತು. ಆ ಮಾತು ಕೊಟ್ಟ ಮನುಷ್ಯನನ್ನು ಅವನ ಸ್ವಂತ ಊರಿನವರು ಲಾಡ್ಜಿನ ಕೋಣೆ ಖಾಲಿ ಮಾಡಿಸುವ ಹಾಗೆ ಖಾಲಿ ಮಾಡಿಸಿ ಬೇಕರಿಯವನಿಗೆ ಕೊಟ್ಟಿದ್ದಾರೆ.

ಇದನ್ನೇ ಡೀಟರನಿಗೆ ಕಾರಿನಲ್ಲಿ ಹೇಳಿದೆ. ಅವನು ಬಹಳ ಓದಿದವನು. ಪುನರುತ್ಥಾನವೆಂದರೆ ಎಲುಬುಗಳು ಕೂಡಿಕೊಂಡು ಏಳುವುದೆಂದು ಈಗ ಯಾರೂ ತಿಳಿಯುವುದಿಲ್ಲ, ನಿತ್ಯಜೀವವೆಂದರೆ ಈಗಿನ ಬದುಕಿನ ಒಂದು ಗುಣ, ಅದಕ್ಕೆ ಸ್ಥಳ ಕಾಲ ಇಲ್ಲ ಎಂದೆಲ್ಲ ವಿವರಿಸಿದ.

"ಹಾಗಾದರೆ ನಿಮ್ಮ ಅಜ್ಜಂದಿರು ನಮಗೆ ಹೇಳಿದ್ದು ಸುಳ್ಳೋ?"

"ಸುಳ್ಳಲ್ಲ. ಅವರ ಕಾಲದ ಭಾಷೆ."

"ಪಾದ್ರಿಗಳೇ, ಕಾಲದ ಭಾಷೆ ಬದಲಾದದ್ದನ್ನು ನಮಗೆ ಯಾರೂ ಬರೆದು ತಿಳಿಸಲಿಲ್ಲವಲ್ಲ. ನಾವು ಅಲ್ಲಿ ಪ್ರತಿ ವರ್ಷ ಸುಣ್ಣ ಬಳಿಯುತ್ತಾ ಇದ್ದೇವೆ."

ಅವನು ಗೇರು ಬದಲಾಯಿಸಿದ. ಸ್ವಲ್ಪ ದೂರ ಹೋದ ಮೇಲೆ, ವಾಯಿದೆ ಮುಂದುವರಿಸುವುದು ಬೇಡವೆಂದು ಹೇಳಿದವಳು ಅವರ ಮಗಳೇ ಎಂದು ಕಾವಲುಗಾರ ತಿಳಿಸಿದ್ದನ್ನು ಮೆಲ್ಲಗೆ ಹೊರಗೆಡವಿದ. ಹೆಸರು ಮಾರ್ತಾ, ಅದೇ ಊರಿನಲ್ಲಿದ್ದಾಳೆ. ನನಗೆ ಅದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಒಂದು ಊರನ್ನು ಬೈಯುವುದು ಕಷ್ಟ, ಒಬ್ಬ ಹೆಂಗಸನ್ನು ಬೈಯಬಹುದು. ಕಾರು ತಿರುಗಿಸಲಿಕ್ಕೆ ಹೇಳಿದೆ.

ಮಾರ್ತಾಳ ಮನೆ

ಮೂರನೆಯ ಮಹಡಿ. ಮೆಟ್ಟಿಲು ಹತ್ತುತ್ತಾ ಇಂಗ್ಲಿಷಿನಲ್ಲಿ ನಾಲ್ಕು ಖಾರದ ವಾಕ್ಯಗಳನ್ನು ಹೊಂದಿಸಿಕೊಂಡೆ. ಡೀಟರ್ ಅವುಗಳನ್ನು ಮೆತ್ತಗೆ ಮಾಡಿ ಹೇಳಿದರೆ ಎಂಬ ಚಿಂತೆಗೆ ಇನ್ನೆರಡು ಕೂಡಿಸಿಕೊಂಡೆ. ಬಾಗಿಲು ತೆರೆದವಳು ನರೆತ ಕೂದಲಿನ, ಅಗಲ ಭುಜದ ಹೆಂಗಸು. ಆಸ್ಪತ್ರೆಯೊಂದರಲ್ಲಿ ಹರಿದ ಚಾದರಗಳನ್ನು ಹೊಲಿಯುವ ಕೆಲಸವಂತೆ. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಹೊಲಿಗೆಯ ಟೋಪಿ ಇನ್ನೂ ಇತ್ತು. ನಾನು ಯಾವ ಊರಿನವನೆಂದು ಡೀಟರ್ ಹೇಳಿದ್ದೇ ತಡ, ನನ್ನನ್ನೇ ನೋಡಿ, ಬಾಯಿಯಲ್ಲಿ ಏನೋ ಹುಡುಕಿ, ಹೇಳಿದಳು:

"ಬಲೆ. ಕುಳ್ಳುಲೆ."

ಬನ್ನಿ, ಕೂತುಕೊಳ್ಳಿ ಎಂದು ತುಳುವಿನಲ್ಲಿ ಕರೆದವಳನ್ನು ನಿಂತುಕೊಂಡು ಬೈಯಲಿಕ್ಕಾಗುವುದಿಲ್ಲ. ಕೂತೆ. ಕೂತು ಕಾಫಿ ಕುಡಿದು, ಆಮೇಲೆ ಬೈದೆ. ಎಂಥ ಮಗಳು ನೀವು ಎಂದೆ. ಮಕ್ಕಳಿಲ್ಲದ ಒಬ್ಬ ಮುದುಕಿ ನಿಮ್ಮ ತಮ್ಮನ ಗೋರಿಯನ್ನು ಇಷ್ಟು ವರ್ಷ ಕಾದಿದ್ದಾಳೆ, ನೀವು ಹೆತ್ತವರ ಗೋರಿಯನ್ನು ಬಿಟ್ಟುಕೊಟ್ಟಿರಿ ಎಂದೆ. ಡೀಟರ್ ಅದನ್ನು ಹೇಳುವಾಗ ಕಾರ್ಪೆಟ್ಟನ್ನು ನೋಡುತ್ತಿದ್ದ.

ಅವಳಿಗೆ ಸಿಟ್ಟು ಬಂತು. ನನಗದು ಇಷ್ಟವಾಯಿತು. ಅಲ್ಲಿಯವರೆಗೆ ಆ ದೇಶದಲ್ಲಿ ಎಲ್ಲರೂ ನನ್ನೊಡನೆ ವಿನಯದಿಂದಲೇ ಇದ್ದರು.

"ಊರಿಗೆ ಮರಳಿದ ಮೇಲೆ ನನಗೆ ಇನ್ನಿಬ್ಬರು ತಮ್ಮಂದಿರು ಹುಟ್ಟಿದರು" ಎಂದಳು. "ಕಾರ್ಲ್ ಮತ್ತು ಎರ್ನ್ಸ್ಟ್. ಇಬ್ಬರೂ ಯುದ್ಧದಲ್ಲಿ, ರಷ್ಯಾದ ಹಿಮದಲ್ಲಿ ಹೋದರು. ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಭಾನುವಾರ ಭಾನುವಾರ ಅಪ್ಪ ಅಮ್ಮನ ಹೂವಿಗೆ ನೀರು ಹಾಕುತ್ತಿದ್ದೆ. ಒಂದು ದಿನ ನೀರಿನ ಡಬ್ಬಿ ಹಿಡಿದು ನಿಂತಾಗ ಯೋಚನೆ ಬಂತು, ಈ ಇಬ್ಬರಿಗೆ ಮಾತ್ರ ಯಾಕೆ? ಕಾರ್ಲನನ್ನೂ ಎರ್ನ್ಸ್ಟನನ್ನೂ ಆ ಹಿಮದಲ್ಲಿ ಹುಡುಕಲಿಕ್ಕೆ ದೇವರಿಗೆ ಆಗುತ್ತದಾದರೆ ಅಪ್ಪ ಅಮ್ಮನನ್ನು ಕಲ್ಲಿಲ್ಲದೆಯೂ ಹುಡುಕಿಯಾನು. ಅವರಿಬ್ಬರನ್ನು ಹುಡುಕಲಿಕ್ಕೆ ಆಗದಿದ್ದರೆ, ನಮ್ಮಲ್ಲಿ ಯಾರನ್ನೂ ಹುಡುಕುವುದು ಬೇಡ."

ನನ್ನ ಆರು ವಾಕ್ಯಗಳೂ ಅಲ್ಲಿಗೆ ಮುಗಿದವು. ದೇವರಿಗೆ ವಿಳಾಸ ಬೇಡದಿರಬಹುದು, ಆದರೆ ಕಡಬದಿಂದ ಬಂದವನಿಗೆ ಬೇಕಾಗುತ್ತದೆ ಎಂದು ಗೊಣಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಥಿಯೋನ ಗೋರಿಯ ಮಣ್ಣು, ಇದನ್ನಾದರೂ ತೆಗೆದುಕೊಳ್ಳಿ ಎಂದೆ.

ಅವಳು ಮುಚ್ಚಳ ತೆಗೆದಳು. ಹೊಲಿಗೆಯ ಟೋಪಿಯನ್ನು ಬೆರಳಿನಿಂದ ಕಳಚಿ ಬದಿಗಿಟ್ಟು, ಮಣ್ಣಿನಲ್ಲಿ ಬೆರಳಾಡಿಸಿದಳು. ಇಷ್ಟು ಕೆಂಪಾಗಿತ್ತೆಂಬುದು ಕನಸೆಂದು ತಿಳಿದಿದ್ದಳಂತೆ. ಅವನು ಇನ್ನೂ ಅಲ್ಲೇ ಇದ್ದಾನೆಯೆ, ಯಾರೂ ತೆಗೆಯಲಿಲ್ಲವೆ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ನಾನು ಇದ್ದಾನೆ ಎಂದೆ. ಸುಣ್ಣದ ವಿಷಯ ಹೇಳಿದೆ, ಬ್ರಶ್ಶಿನ ವಿಷಯವನ್ನೂ ಹೇಳಿದೆ.

"ಹಾಗಾದರೆ ನಮ್ಮ ಮನೆಯವರಲ್ಲಿ ಗೋರಿ ಇರುವುದು ಅವನೊಬ್ಬನಿಗೆ" ಎಂದಳು.

ಮತ್ತೆ ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು. "ಇಲ್ಲಿ ಎಲ್ಲಿ ಹಾಕಲಿ? ಈ ಮನೆಯೂ ಬಾಡಿಗೆಯದು. ಹೂವಿನ ಕುಂಡದಲ್ಲಿ ಹಾಕಿದರೆ ನನ್ನ ನಂತರ ಬರುವವರು ಎಸೆಯುತ್ತಾರೆ. ಅವನದನ್ನು ಅವನಿಗೇ ಕೊಡಿ."

ಮತ್ತೆ ಪುತ್ತೂರು

ಹಿಂದೆ ಬರುವ ದಾರಿಯುದ್ದಕ್ಕೂ ದೊಡ್ಡಮ್ಮನಿಗೆ ಹೇಳಲಿಕ್ಕೆ ಒಂದೊಂದು ಸುಳ್ಳನ್ನು ತಯಾರಿಸಿದೆ. ಸೂಯೆಜ್‌ನಲ್ಲಿ ಒಂದು, ಏಡನ್‌ನಲ್ಲಿ ಅದಕ್ಕಿಂತ ಒಳ್ಳೆಯದೊಂದು. ಮುಂಬಯಿ ತಲುಪುವ ಹೊತ್ತಿಗೆ ಬೆನ್ನಿಂಗರ್ ಅಯ್ಯನ ಗೋರಿಯ ಮೇಲೆ ನಾನು ಮಣ್ಣು ಹಾಕಿ, ಅದರಲ್ಲಿ ಹುಲ್ಲೂ ಚಿಗುರಿಯಾಗಿತ್ತು. ಆದರೆ ದೊಡ್ಡಮ್ಮ ಜಗಲಿಯಲ್ಲಿ ಕೂತು ನನ್ನ ಮುಖ ನೋಡಿದ್ದೇ ಕೇಳಿದರು:

"ಡಬ್ಬಿ ಹಿಂದೆ ಯಾಕೆ ತಂದದ್ದು?"

ಎಲ್ಲ ಹೇಳಿದೆ. ವಾಯಿದೆ ಎಂಬುದು ಅವರಿಗೆ ಅರ್ಥವಾಗಲಿಲ್ಲ. ಗೇಣಿ ಒಕ್ಕಲಿನ ಹಾಗೆ ಎಂದು ಬಿಡಿಸಿ ಹೇಳಿದೆ. ಜಲ್ಲಿಯ ವಿಷಯ ಬಿಟ್ಟುಬಿಡಬೇಕೆಂದಿದ್ದೆ, ಅದನ್ನೂ ಹೇಳಿ ಹೋಯಿತು. ಅಳುತ್ತಾರೆಂದು ನನ್ನ ಹೆದರಿಕೆ. ನಮ್ಮ ಸಭೆಯಲ್ಲಿ ಯಾರಾದರೂ ನಂಬಿಕೆ ಕಳೆದುಕೊಳ್ಳುವುದಿದ್ದರೆ ಅದು ನನ್ನಿಂದಲೇ ಆಗಬೇಕೆ ಎಂದು ಕೈ ಹಿಸುಕಿಕೊಂಡು ಕೂತೆ. ಬಹುಶಃ ಸಾಯುವ ಗಳಿಗೆಯ ಧೈರ್ಯಕ್ಕಾಗಿ ಈ ಮುದುಕಿ ನೆಚ್ಚಿಕೊಂಡಿರುವುದು ಆ ಪಾದ್ರಿಯ ಒಂದು ಮಾತನ್ನು.

ದೊಡ್ಡಮ್ಮನಿಗೆ ಬಂದದ್ದು ಅಳುವಲ್ಲ.

"ಅಲ್ಲ ಮಾರಾಯ, ಅವರಿಗೆ ಎಂತ ಆಗಿದೆ? ಜಾಗ ಇಲ್ಲದಿದ್ದರೆ ನಮಗೆ ಬರೆಯಬಹುದಿತ್ತಲ್ಲ. ನಮ್ಮಲ್ಲಿ ಜಾಗ ಇತ್ತಲ್ಲ."

"ಹಡಗಿನಲ್ಲಿ ಎಲುಬು ಕಳಿಸಲಿಕ್ಕಾಗುತ್ತದಾ ದೊಡ್ಡಮ್ಮ?"

"ನೀನು ಮಣ್ಣು ಕೊಂಡುಹೋಗಲಿಲ್ಲವಾ? ಕೊಂಡುಹೋಗಿ ಹಿಂದೆಯೂ ತಂದೆ. ಆಗುದಿಲ್ಲ ಅಂತ ಹೇಳುವವ ಅಲ್ಲಿಗೆ ಯಾಕೆ ಹೋಗುದು?"

"ಆ ಡೀಟರ್ ಪಾದ್ರಿ ಹೇಳುವ ಪ್ರಕಾರ, ಏಳುವುದಕ್ಕೆ ಜಾಗವೇ ಬೇಡವಂತೆ."

"ಏಳುದಕ್ಕೆ ಬೇಡ. ದೇವರು ಸಮುದ್ರದಿಂದಲೂ ಎಬ್ಬಿಸಿಯಾನು, ಬೇಕರಿಯವನ ಅಡಿಯಿಂದಲೂ ಎಬ್ಬಿಸಿಯಾನು. ಅಷ್ಟು ನನಗೆ ಗೊತ್ತುಂಟು, ನನಗೆ ಅವ ಕಲಿಸುದು ಬೇಡ. ಅಲ್ಲಿಯವರೆಗೆ ಮಲಗಲಿಕ್ಕೆ ಬೇಡವಾ?"

ಸಂಜೆ ಇಬ್ಬರೂ ಗುಡ್ಡೆ ಹತ್ತಿದೆವು. ಮಣ್ಣನ್ನು ತೆಗೆದಲ್ಲೇ ಸುರಿದು ಅಂಗೈಯಿಂದ ಸಮ ಮಾಡಿದರು. ಥಿಯೋನ ಪಕ್ಕದಲ್ಲಿ ಒಂದು ತುಂಡು ನೆಲ ಖಾಲಿ ಇದೆ. ದೊಡ್ಡಮ್ಮ ಅದನ್ನು ತನಗೆಂದು ಸಭೆಯ ಹಿರಿಯರಲ್ಲಿ ಕೇಳಿಟ್ಟದ್ದು ನನಗೆ ಅಂದೇ ಗೊತ್ತಾದದ್ದು. ಅದರ ಉದ್ದಕ್ಕೂ ನಡೆದು ನೋಡಿದರು. ಅಡ್ಡಕ್ಕೂ ನೋಡಿದರು.

"ನಾನು ಅಷ್ಟು ದಪ್ಪ ಇಲ್ಲ" ಎಂದರು. "ಆ ಹುಡುಗಿಗೆ ಒಂದು ಕಾಗದ ಬರಿ."

ಆ ಹುಡುಗಿಗೆ ಅರವತ್ತು ಹತ್ತಿರವಾಯಿತು ಎಂದೆ. ಕೇಳಿಸಿಕೊಳ್ಳಲಿಲ್ಲ. ಹಿರಿಯರು ಒಪ್ಪುತ್ತಾರೋ, ಸರಕಾರ ಒಪ್ಪುತ್ತದೋ, ನಿಜವಾಗಿಯೂ ಹೊರಟು ಬಂದರೆ ಯಾರ ಮನೆಯಲ್ಲಿ ಉಳಿಸುವುದು, ಅನ್ನ ಉಣ್ಣುತ್ತಾಳೋ ಇಲ್ಲವೋ ಎಂದು ನಾನು ಒಂದೊಂದಾಗಿ ಎತ್ತಿದೆ. ದೊಡ್ಡಮ್ಮ ನನ್ನ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೇ ಕೊಟ್ಟರು. ಅಲ್ಲೇ ಕಲ್ಲಿನ ಮೇಲೆ ಕೂತು, ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಇಂಗ್ಲಿಷಿಗೆ ತಿರುಗಿಸುವಾಗ ಒಂದು ಶಬ್ದ ಕೂಡಿಸಲಿಲ್ಲ, ಒಂದು ಶಬ್ದ ಬಿಡಲಿಲ್ಲ.

"ಮಾರ್ತಾ, ಸಾಯುದಕ್ಕೆ ಅವಸರ ಮಾಡಬೇಡ. ಆದರೆ ಸಾಯುವ ಮೊದಲು ಹೊರಟು ಬಾ. ಥಿಯೋನ ಹತ್ತಿರ ನಮಗಿಬ್ಬರಿಗೂ ಸಾಕಾಗುವಷ್ಟು ಜಾಗ ಉಂಟು. ಇಲ್ಲಿ ನಿನ್ನನ್ನು ಮನುಷ್ಯರು ಯಾರೂ ಎಬ್ಬಿಸುದಿಲ್ಲ. ಎಬ್ಬಿಸಬೇಕಾದವ ಬಂದು ಕರೆದ ಮೇಲೆ ಎದ್ದರೆ ಸಾಕು."